ಶಿವರಂಜನಿಯ ಊಟದ ಶಾಸ್ತ್ರ

ಶಿವರಂಜನಿಯನ್ನು ಸೂರಮ್ಮ ಮೊದಲ ಸಲ ನೋಡಿದಾಗ ಅದು ಗೂಡ್ಸ್ ಗಾಡಿಯ ಹಿಂಬದಿಯಲ್ಲಿ ನಿಂತಿತ್ತು. ಬಿಳಿ ಕುದುರೆ ಬರುತ್ತದೆ ಎಂದು ಹೇಳಿದ್ದರು. ಬಂದದ್ದನ್ನು ನೋಡಿದರೆ, ಒಗೆದೊಗೆದು ಬಣ್ಣಗೆಟ್ಟ ಪಂಚೆಯೊಂದನ್ನು ನಾಲ್ಕು ಗೂಟಗಳ ಮೇಲೆ ಒಣಹಾಕಿದಂತಿತ್ತು. ಪಕ್ಕೆಲುಬುಗಳು ಬೀದಿಯ ಆ ತುದಿಯಿಂದಲೇ ಕಾಣುತ್ತಿದ್ದವು. ಬೆನ್ನುಮೂಳೆ ಉಳ್ಳಾರ್ತಿ ಹುಲ್ಲುಗಾವಲಿಗೆ ಹಾಕಿದ ಬೇಲಿಯ ಹಾಗೆ ಉದ್ದಕ್ಕೂ ಎದ್ದು ನಿಂತಿತ್ತು. ಇಷ್ಟರ ಮೇಲೆ ಹಣೆಗೊಂದು ಕೆಂಪು ಕುಚ್ಚು, ಕೊರಳಿಗೆ ಗಿಲೀಟಿನ ಸರ. ಉಪವಾಸ ಬಿದ್ದ ಮುದುಕಿಗೆ ಮದುವಣಗಿತ್ತಿಯ ಒಡವೆ ತೊಡಿಸಿದ ಹಾಗೆ.

ಗಾಡಿಯಿಂದ ಅದನ್ನು ಇಳಿಸಿದವನು ಮಾರುತೇಶ, ಸೂರಮ್ಮನ ತಂಗಿಯ ಮಗ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ಬ್ಯಾಂಡ್‌ಸೆಟ್ಟು ಇಟ್ಟುಕೊಂಡಿದ್ದ. ಮದುವೆ ಮೆರವಣಿಗೆಗೆ ವಾಲಗ, ದೀಪ, ಕುದುರೆ ಎಲ್ಲ ಅವನದೇ.

"ಏನ್ಲಾ ಇದು? ಕುದುರೇನಾ, ಕುದುರೆ ನೆಳ್ಳಾ?" ಎಂದು ಸೂರಮ್ಮ ಕೇಳಿದಳು.

"ವಯಸ್ಸಾತು ದೊಡ್ಡವ್ವ. ಮದುವೆ ಸೀಜನ್ನಲ್ಲಿ ಪರವಾಗಿಲ್ಲ, ಸೀಜನ್ ಮುಗೀತು ಅಂದ್ರೆ ಹಿಂಗಾಗ್ತೈತೆ. ಹೋದ ಮದುವೇಲಿ ಮದುಮಗ ಮ್ಯಾಲೆ ಕೂತೋನು ಹಂಗೇ ಇಳಿದ. ಮೂಳೆ ಚುಚ್ತೈತೆ ಅಂದ. ಹೆಣ್ಣಿನ ಕಡೇರು ನಕ್ಕಿದ್ದು ನೋಡಬೇಕಿತ್ತು ನೀನು."

"ಈಗ ನಾನೇನು ಮಾಡ್ಲಿ?"

"ನಿಮ್ಮ ಪಕ್ಕದ ಮನೆ ಲೋಹಿತನ ಮದುವೆ ಐತಲ್ಲ ಮೊಳಕಾಲ್ಮೂರಲ್ಲಿ, ಅದಕ್ಕೆ ಇದೇ ಬರಬೇಕು ಅಂದೈತೆ ಅವರವ್ವ ರೇಣುಕಕ್ಕ. ಅಷ್ಟೊತ್ತಿಗೆ ಮೈ ತುಂಬ್ಕಂಡು ಒಂದು ಮೆರವಣಿಗೆ ಮಾಡಿದ್ರೆ ಇಟ್ಕಂತೀನಿ. ಇಲ್ಲಾಂದ್ರೆ ಒಬ್ಬ ದಲ್ಲಾಳಿ ಕೇಳ್ತಾ ಅದಾನೆ."

"ದಲ್ಲಾಳಿ ಇದನ್ನ ತಗಂಡು ಏನು ಮಾಡ್ತಾನೆ?"

ಮಾರುತೇಶ ಗಾಡಿಯ ಟೈರು ನೋಡತೊಡಗಿದ. ಟೈರಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಸೂರಮ್ಮನಿಗೆ ಅರ್ಥವಾಯಿತು.

ಸೂರಮ್ಮ ಎಂದರೆ ಸುತ್ತಿನ ಹಳ್ಳಿಗಳಲ್ಲಿ ಟಗರಿನ ಸೂರಮ್ಮ ಎಂದೇ ಹೆಸರು. ಗಂಡ ಹೋದ ಮೇಲೆ ದೊಡ್ಡ ಹಿಂಡು ಕರಗಿ, ಈಗ ಮನೆಯ ಪಕ್ಕದ, ಬೀದಿಗೆ ಬಾಗಿಲಿದ್ದ ಕೊಟ್ಟಿಗೆಯಲ್ಲಿ ಉಳಿದದ್ದು ಬೆರಳೆಣಿಕೆಯ ಕುರಿ. ಆದರೂ ಅವಳು ಮೇಯಿಸಿದ ಟಗರು ಸಂತೆಗೆ ಬಂದರೆ ಜನ ದಾರಿ ಬಿಡುತ್ತಿದ್ದರು. ಗೌರವಕ್ಕಲ್ಲ, ಅದು ಹಾಯುತ್ತದೆಂಬ ಭಯಕ್ಕೆ. ಅಂಥ ಸೂರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀದಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳಿದಳು:

"ನನ್ನ ಕೊಟ್ಟಿಗೇಲಿ ಇದುವರೆಗೂ ಯಾವ ಪ್ರಾಣೀನೂ ಹೊಟ್ಟೆಗೆ ಕೊಡು ಅಂತ ನನ್ನ ಮಕ ನೋಡಿದ್ದಿಲ್ಲ. ಅದು ಕೇಳಾಕೆ ಮುಂಚೆ ಬಾನಿ ತುಂಬಿರ್ತೈತೆ. ಬಿಟ್ಟೋಗು. ಮದುವೆ ದಿನ ಬಂದು ಇದೇ ಕುದುರೆ ಏನು ಅಂತ ನೀನೇ ಕೇಳ್ತೀಯ."

ಈ ಮಾತನ್ನು ಅವಳು ಅಷ್ಟು ಜೋರಾಗಿ ಆಡಬಾರದಿತ್ತು.

ಟಗರಿಗೆ ಕೊಡುವುದನ್ನೇ ಕುದುರೆಗೂ ಕೊಟ್ಟರಾಯಿತು, ಸ್ವಲ್ಪ ಜಾಸ್ತಿ ಕೊಟ್ಟರಾಯಿತು ಎನ್ನುವುದು ಅವಳ ಲೆಕ್ಕ. ಹುರುಳಿ, ಮೆಕ್ಕೆಜೋಳ, ಒಣಗಿದ ಶೇಂಗಾ ಬಳ್ಳಿ. ಶಿವರಂಜನಿ ಒಂದು ಬಾಯಿ ತೆಗೆದುಕೊಂಡು ಬಹಳ ಹೊತ್ತು ದವಡೆ ಆಡಿಸಿತು. ಆಮೇಲೆ ಬಳ್ಳಿಯನ್ನು ಉಂಡೆ ಮಾಡಿ ನೆಲಕ್ಕೆ ಉಗುಳಿತು. ಮೆಕ್ಕೆಜೋಳ ಹೇಗೋ ಒಳಗೆ ಹೋಯಿತು, ಆದರೆ ಹೋದ ಹಾಗೆಯೇ ಇಡಿಯಾಗಿ ಲದ್ದಿಯಲ್ಲಿ ಹೊರಗೂ ಬಂತು. ಅದನ್ನು ಹೆಕ್ಕಿ ತಿಂದ ಕೋಳಿಗಳು ವಾರದೊಳಗೆ ದುಂಡಗಾದವು. ಕುದುರೆ ಇದ್ದ ಹಾಗೆಯೇ ಇತ್ತು.

ಆಗ ಪಕ್ಕದ ಮನೆಯ ಮೂಡಲಗಿರಿಯಪ್ಪ ಜಗುಲಿಯಿಂದ ಎದ್ದು ಬಂದ. ಅವನು ರೇಣುಕಮ್ಮನ ಗಂಡ, ಮದುಮಗ ಲೋಹಿತನ ಅಪ್ಪ. ಎಣ್ಣೆ ಮಿಲ್ಲಿನಲ್ಲಿ ಗಾಣದ ಮುಂದೆ ಆಯಸ್ಸು ಕಳೆದವನಾದ್ದರಿಂದ ಜಗತ್ತಿನ ಎಲ್ಲ ರೋಗಕ್ಕೂ ಅವನ ಬಳಿ ಇದ್ದದ್ದು ಒಂದೇ ಔಷಧ.

"ಸೂರಕ್ಕ, ಶೇಂಗಾ ಹಿಂಡಿ ಹಾಕು. ನೀರಲ್ಲಿ ಕಲಸಬ್ಯಾಡ, ಸತ್ವ ಹೋಗ್ತೈತೆ. ಹಂಗೇ ಹಲಗೆ ಹಲಗೆ ಇಡು. ಎಮ್ಮೆ ಹೆಂಗೆ ಬೆಣ್ಣೆ ಥರ ಆಗ್ತಾವೆ ನೋಡಿದೀಯಲ್ಲ."

"ಇದು ಎಮ್ಮೆ ಅಲ್ಲಪ್ಪ."

"ಬಾಲ ಐತೋ ಇಲ್ಲೋ? ಹಾಕು ಸುಮ್ನೆ."

ಹಾಕಿದಳು. ಶಿವರಂಜನಿ ಹಿಂಡಿಯ ಹಲಗೆಯನ್ನು ಒಮ್ಮೆ ನೆಕ್ಕಿ, ಕಲ್ಲು ನೆಕ್ಕಿದೆನೆಂದು ತಿಳಿದು ಪಕ್ಕಕ್ಕೆ ತಿರುಗಿತು. ಸೂರಮ್ಮ ನೀರು ತರಲು ಹೋಗಿ ಬರುವಷ್ಟರಲ್ಲಿ ಕುರಿಗಳು ಹಗ್ಗ ಕಿತ್ತುಕೊಂಡು ಬಂದು ಆ ಹಲಗೆಗಳನ್ನು ಮುಗಿಸಿದ್ದವು. ಮಧ್ಯಾಹ್ನದ ಹೊತ್ತಿಗೆ ಅವುಗಳ ಹೊಟ್ಟೆ ತಮಟೆಯ ಹಾಗೆ ಉಬ್ಬಿತು. ಸೂರಮ್ಮ ಒಂದೊಂದನ್ನೇ ಹಿಡಿದು ಬಾಯಿಗೆ ಎಣ್ಣೆ ಹುಯ್ದು, ಹೊಟ್ಟೆ ತಿಕ್ಕಿ, ಬೀದಿಯುದ್ದಕ್ಕೂ ನಡೆಸಿದಳು. ಮೂಡಲಗಿರಿಯಪ್ಪ ಜಗುಲಿಯ ಮೇಲೆ ಕೂತೇ, "ಹಿಂಡಿ ಕೆಟ್ಟದಲ್ಲ, ತಿಂದೋರು ಕೆಟ್ಟೋರು" ಎಂದ. ಅವನ ಕಡೆಗೂ ಒಂದಿಷ್ಟು ಎಣ್ಣೆ ಹುಯ್ಯಬೇಕೆಂದು ಅವಳಿಗೆ ಅನಿಸಿತು.

ಕೊನೆಗೆ ಕುರಿಗಳನ್ನು ನೋಡಲು ಬಂದ ಪಶುವೈದ್ಯೆ ಕುದುರೆಯನ್ನೂ ನೋಡಿದರು. ವಯಸ್ಸಿನಲ್ಲಿ ಚಿಕ್ಕವರು. ತೋಳು ಮಡಿಸಿ ಶಿವರಂಜನಿಯ ಬಾಯಿಯೊಳಗೆ ಕೈ ಹಾಕಿ ತಡಕಾಡಿದರು.

"ಅಜ್ಜಿ, ಇದು ಮೇವು ಸಿಗದೆ ಬಡವಾಗಿಲ್ಲ, ಅಗಿಯೋಕೆ ಆಗದೆ ಬಡವಾಗಿದೆ. ಹಲ್ಲು ಸವೆದಿದೆ. ಅಂಚು ಚೂಪಾಗಿ ಕೆನ್ನೆಯನ್ನ ಒಳಗಡೆ ಗೀರ್ತಿದೆ." ಉದ್ದನೆಯ ಅರ ತಂದು, ಬಡಗಿ ಬಾಗಿಲು ಉಜ್ಜುವ ಹಾಗೆ ಹಲ್ಲು ಉಜ್ಜಿದರು. "ಇನ್ಮೇಲೆ ಮೆತ್ತಗಿರೋದೇ ಕೊಡಬೇಕು. ಹುರುಳಿ ಬೇಯಿಸಿ ಹಿಸುಕಿ. ಬೂಸಾ ನೆನೆಸಿ. ಹಿಂಡಿ ಒಂದು ಹಿಡಿ ಸಾಕು, ಅದೂ ನೀರಲ್ಲಿ ಕರಗಿದ್ದು. ಹಸಿ ಹುಲ್ಲು ಸಣ್ಣಗೆ ಕತ್ತರಿಸಿ. ಒಂದೇ ಸಲ ಸುರಿಯೋದಲ್ಲ. ಸ್ವಲ್ಪ ಸ್ವಲ್ಪ, ದಿನಕ್ಕೆ ಮೂರು ನಾಲ್ಕು ಸಲ."

"ಅಂದ್ರೆ ನನ್ನಂಗೇ ಅನ್ನು ತಾಯಿ. ನಂಗೂ ಹಲ್ಲಿಲ್ಲ, ನಾನೂ ಮುದ್ದೆ ನುಂಗಾದೇ."

"ಹಾಗೇ ಅಂದ್ಕೊಳ್ಳಿ."

ಈಗ ಸೂರಮ್ಮನಿಗೆ ದಾರಿ ಸಿಕ್ಕಂತಾಯಿತು. ತನ್ನ ಮುದ್ದೆಗೆ ನೀರಿಡುವ ಮೊದಲು ಕುದುರೆಯ ಹುರುಳಿಗೆ ನೀರಿಟ್ಟಳು. ಬೆಂದದ್ದನ್ನು ಕೈಯಲ್ಲಿ ಹಿಸುಕಿ, ಬೂಸಾ ಸೇರಿಸಿ, ಕರಗಿದ ಹಿಂಡಿ ಹುಯ್ದು, ಚಿಟಿಕೆ ಉಪ್ಪು ಹಾಕಿ, ಒಂದು ಗಂಟೂ ಉಳಿಯದ ಹಾಗೆ ಕಲಸಿದಳು. ಘಮಘಮ ಎನ್ನುತ್ತಿತ್ತು. ಮೂಡಲಗಿರಿಯಪ್ಪ ಗೋಡೆಯ ಮೇಲಿಂದ ಇಣುಕಿ, "ಏನಡಿಗೆ ಸೂರಕ್ಕ?" ಎಂದು ಆಸೆಯಿಂದ ಕೇಳಿದ್ದೂ ಉಂಟು.

ಬಕೆಟ್ಟನ್ನು ಕುದುರೆಯ ಮುಂದಿಟ್ಟಳು. ಶಿವರಂಜನಿ ಮೂಸಿತು. ಕಿವಿ ಆಡಿಸಿತು. ಆಮೇಲೆ ಮುಖ ತಿರುಗಿಸಿ ಬೀದಿ ಬಾಗಿಲು ನೋಡುತ್ತ ನಿಂತಿತು, ಯಾರೋ ಬರಬೇಕಾಗಿದೆ, ಬಂದಮೇಲೆ ಉಣ್ಣೋಣ ಎನ್ನುವ ಹಾಗೆ.

"ತಿನ್ನವ್ವ."

ಬಾಗಿಲು ನೋಡಿತು.

"ಬಿಸಿ ಐತೇನು? ಆರಲಿ ಬಿಡು." ಆರಿತು. ಬಾಗಿಲು ನೋಡಿತು.

ಬೆಲ್ಲ ಹಾಕಿದಳು. ಸಜ್ಜೆ ಹಿಟ್ಟಿನ ಗಂಜಿ ಬೆರೆಸಿದಳು. ಬೂಸಾ ಬದಲಿಸಿದಳು, ಬಕೆಟ್ಟು ಬದಲಿಸಿದಳು, ಬಕೆಟ್ಟಿನ ಬದಲು ಮಣ್ಣಿನ ಬಾನಿ ಇಟ್ಟಳು. ಹಿತ್ತಲಲ್ಲಿ ಬಿಟ್ಟರೆ ಬೇಲಿಯಂಚಿನ ಗರಿಕೆಯನ್ನು ಕಿತ್ತು ಕಿತ್ತು ತಿನ್ನುತ್ತಿತ್ತು. ಕಲಸಿದ ಊಟಕ್ಕೆ ಮಾತ್ರ ಬಾಯಿ ಹಚ್ಚುತ್ತಿರಲಿಲ್ಲ. ಸೂರಮ್ಮ ಟಗರುಗಳ ಜೊತೆ ಜಗಳವಾಡಿದವಳು, ಗುದ್ದಿಸಿಕೊಂಡವಳು. ಆದರೆ ಇಷ್ಟು ಮರ್ಯಾದೆಯಿಂದ ಬೇಡವೆನ್ನುವ ಪ್ರಾಣಿಯನ್ನು ಕಂಡಿರಲಿಲ್ಲ.

"ದಿಷ್ಟಿ ಆಗೈತೆ ಕಣಕ್ಕ," ಎಂದಳು ರೇಣುಕಮ್ಮ. "ಬೀದೀಲಿ ಇಳಿಸಿದಾಗ ಎಷ್ಟು ಜನ ನೋಡಿದ್ರು."

"ನೋಡಿ ಹೊಟ್ಟೆಕಿಚ್ಚು ಪಡಾಕೆ ಅದರಲ್ಲೇನೈತೆ, ಮೂಳೆ?"

ಆದರೂ ಸೂರಮ್ಮ ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ನಿವಾಳಿಸಿ ಒಲೆಗೆ ಹಾಕಿದಳು. ಕೆಮ್ಮು ಬಂದದ್ದು ಅವಳಿಗೆ. ಕುದುರೆ ಬಾಗಿಲು ನೋಡುತ್ತಲೇ ಇತ್ತು.

"ಕೆಂಪಾರತಿ ಬೆಳಗು," ಎಂದಳು ರೇಣುಕಮ್ಮ.

ಸೂರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಆರತಿ ತಟ್ಟೆ ನಾನು ಮುಟ್ಟಲ್ಲ. ಅವರು ಹೋದಾಗಿಂದ ಮುಟ್ಟಿಲ್ಲ. ನಿಮ್ಮನೇಲಿ ಶುಭ ಕಾರ್ಯ ಬೇರೆ ಐತೆ."

"ಕುದುರೆಗೆ ತಾನೇ ಅಕ್ಕ. ಯಾರು ಕೇಳ್ತಾರೆ?"

"ಯಾರೂ ಕೇಳಾದು ಬ್ಯಾಡ. ನಾನು ಮುಟ್ಟಲ್ಲ. ನೀನೇ ಬೆಳಗು."

ಈ ವಿಷಯದಲ್ಲಿ ಊರಿಗಿಂತ ಸೂರಮ್ಮನೇ ಬಿಗಿ. ಮದುವೆಗಳಿಗೆ ಹೋಗುತ್ತಿದ್ದಳು, ಹೋಗಿ ಅಡುಗೆಯವರ ಪಕ್ಕ ಕೂತು ಬೀನ್ಸ್ ಮುರಿಯುತ್ತಿದ್ದಳು. ಮುಂದೆ ಬಾ ಎಂದು ಕರೆದವರಿಗೆ, ಇಲ್ಲೇ ಗಾಳಿ ಬರ್ತೈತೆ ಎನ್ನುತ್ತಿದ್ದಳು. ಒಲೆಗಳ ನಡುವೆ ಎಂಥ ಗಾಳಿ ಎಂದು ಯಾರೂ ಕೇಳುತ್ತಿರಲಿಲ್ಲ.

ರೇಣುಕಮ್ಮ ತಟ್ಟೆಯಲ್ಲಿ ಅರಿಶಿನ ಸುಣ್ಣ ಕಲಸಿದ ಕೆಂಪು ನೀರಿಟ್ಟು, ದೀಪ ಹಚ್ಚಿ, ಹಳೆಯ ಸೋಬಾನೆಯ ಒಂದು ಸಾಲು ಗುನುಗುತ್ತ ಬಂದಳು. ಶಿವರಂಜನಿಯ ಕಿವಿ ನೆಟ್ಟಗಾಯಿತು. ತಟ್ಟೆ ಸುತ್ತು ಹಾಕಿದಂತೆ ಅದರ ತಲೆಯೂ ಬಾಗುತ್ತ ಬಂತು. ಹಣೆಗೆ ಕುಂಕುಮ ಬಿದ್ದದ್ದೇ ತಡ, ಬಾನಿಯೊಳಗೆ ಮೂತಿ ಮುಳುಗಿಸಿ, ತಳ ಸವರಿ, ಬಾನಿಯನ್ನೇ ಬೋರಲು ಹಾಕಿತು.

"ನೋಡಿದ್ಯಾ? ದಿಷ್ಟೀನೇ," ಎಂದಳು ರೇಣುಕಮ್ಮ.

ಸೂರಮ್ಮ ನಿಟ್ಟುಸಿರು ಬಿಟ್ಟಳು. ಸಂಜೆಯ ಊಟ ಕಲಸಿಟ್ಟಳು. ಶಿವರಂಜನಿ ಬಾಗಿಲು ನೋಡಿತು. ಮತ್ತೆ ರೇಣುಕಮ್ಮ, ಮತ್ತೆ ತಟ್ಟೆ, ಮತ್ತೆ ಬಾನಿ ಬೋರಲು. ಮಾರನೆಯ ಬೆಳಿಗ್ಗೆ ಮತ್ತೆ ಅದೇ.

"ದಿನಕ್ಕೆ ಮೂರು ಸಲ ದಿಷ್ಟಿ ಹಾಕೋ ಅಂಥ ಕಣ್ಣು ಯಾರದು?" ಎಂದು ಇಬ್ಬರೂ ಕೂತು ಯೋಚಿಸಿದರು. ಈ ಯೋಚನೆಯೇ ತಪ್ಪಾಯಿತು. ಎದುರು ಮನೆಯ ದೊಡ್ಡಕ್ಕ ನೆನಪಾದಳು. ಕುದುರೆ ಬಂದ ದಿನ ಅವಳು ತನ್ನ ಗಂಡನಿಗೆ, "ಪಾಪ, ಇದು ಎಷ್ಟು ತಿಂದ್ರೂ ಇಷ್ಟೇ" ಎಂದಿದ್ದಳಂತೆ. ಅವಳ ಅಡುಗೆಮನೆ ಕಿಟಕಿ ನೇರ ಕೊಟ್ಟಿಗೆಗೇ ತೆರೆಯುತ್ತಿತ್ತು. ಇನ್ನೇನು ಬೇಕು?

ಸೂರಮ್ಮ ಕಿಟಕಿಯ ಕಡೆಗೆ ಕಂಬಳಿ ಕಟ್ಟಿದಳು. ಕುದುರೆಯ ಕಾಲಿಗೆ ಕಪ್ಪು ದಾರ, ಕೊಟ್ಟಿಗೆಯ ಬಾಗಿಲಿಗೆ ನಿಂಬೆಹಣ್ಣು, ಅಷ್ಟೂ ಸಾಲದೆಂದು ಅದನ್ನು ಕಟ್ಟಿದ ಕಂಬಕ್ಕೆ ಒಂದು ಹಳೇ ಚಪ್ಪಲಿ. ಮಧ್ಯಾಹ್ನ ಬಂದು ನೋಡಿದರೆ ಕಲಸಿಟ್ಟ ಊಟ ಹಾಗೇ ಇದೆ, ಶಿವರಂಜನಿ ಚಪ್ಪಲಿಯ ಉಂಗುಟವನ್ನು ಕಣ್ಣು ಮುಚ್ಚಿಕೊಂಡು ಸವಿಯುತ್ತಿದೆ. ಹೊಸದಾಗಿ ಅರ ಹಾಕಿಸಿಕೊಂಡ ಹಲ್ಲು ಮೊದಲು ಪ್ರಯೋಜನಕ್ಕೆ ಬಂದದ್ದು ಅಲ್ಲಿ.

ಕಂಬಳಿ ಯಾಕೆ ಕಟ್ಟಿದೆ ಎನ್ನುವುದು ದೊಡ್ಡಕ್ಕನಿಗೆ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳು ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ ಬಂದಳು.

"ಏನೇ ಸೂರಿ, ನನ್ನ ಕಣ್ಣು ಕೆಟ್ಟದ್ದಂತೆ?"

"ನಾನೆಲ್ಲಿ ಅಂದೆ?"

"ಕಂಬಳಿ ಅಂತೈತಲ್ಲ. ನಾನು ನೋಡಿದ್ರೆ ಕುದುರೆ ತಿನ್ನಲ್ವಂತೆ. ಮೂವತ್ತು ವರ್ಷದಿಂದ ನನ್ನ ಗಂಡನ್ನ ನೋಡ್ತಾ ಇದೀನಿ, ಅವನು ತಿನ್ನೋದು ನಿಲ್ಲಿಸಿದಾನೇನು? ತೆಗಿ ಕಂಬಳಿ. ಇಲ್ಲೇ ಕೂರ್ತೀನಿ. ನಿಮ್ಮ ಮಹಾರಾಣೀನ ಕಣ್ಣು ಮಿಟುಕಿಸದೆ ನೋಡ್ತೀನಿ. ಏನಾಗ್ತೈತೋ ಆಗ್ಲಿ."

ಕೂತೇಬಿಟ್ಟಳು. ಕೊಟ್ಟಿಗೆಯ ನಡುವೆ ಒರಳುಕಲ್ಲಿನ ಮೇಲೆ, ಹಿಟ್ಟಿನ ಕೈ ಮೊಣಕಾಲ ಮೇಲೆ. ಕಣ್ಣು ಕುದುರೆಯ ಮೇಲೆ ನೆಟ್ಟದ್ದು ನೆಟ್ಟ ಹಾಗೆ. ಸೂರಮ್ಮ ಬಾನಿ ಇಟ್ಟಳು. ಶಿವರಂಜನಿ ಬಾಗಿಲು ನೋಡಿತು. ದೊಡ್ಡಕ್ಕ ಬೆನ್ನು ತಿರುಗಿಸಿ ಕೂತಳು. ಶಿವರಂಜನಿ ಆಗಲೂ ಬಾಗಿಲು ನೋಡಿತು. ದೊಡ್ಡಕ್ಕ ಮತ್ತೆ ತಿರುಗಿ, ಕಣ್ಣಲ್ಲಿ ನೀರು ಬರುವಷ್ಟು ದಿಟ್ಟಿಸಿದಳು. ಅಷ್ಟರಲ್ಲಿ ರೇಣುಕಮ್ಮ ತಟ್ಟೆ ತಂದಳು. ದೊಡ್ಡಕ್ಕನ ಎರಡೂ ಕಣ್ಣು ಮೈಮೇಲಿದ್ದ ಹಾಗೆಯೇ ಶಿವರಂಜನಿ ಕುಂಕುಮ ಇಡಿಸಿಕೊಂಡು ಬಾನಿ ಖಾಲಿ ಮಾಡಿತು.

ದೊಡ್ಡಕ್ಕ ಎದ್ದು ಸೀರೆ ಕೊಡವಿದಳು. "ನನ್ನ ಕಣ್ಣಲ್ಲ ಕಣ್ರೇ, ಅದು ಕಾಯ್ತಿರೋದು ನಿಮ್ಮ ತಟ್ಟೆಗೆ. ಇಬ್ಬರಿಗೂ ಸೇರಿಸಿ ಒಂದು ಬುದ್ಧಿ ಇದ್ದಿದ್ರೆ ನನ್ನ ರೊಟ್ಟಿ ಸೀದು ಹೋಗ್ತಿರ್ಲಿಲ್ಲ." ಹೋಗುವಾಗ ಕಂಬಳಿಯನ್ನು ಕಿತ್ತು ನೆಲಕ್ಕೆ ಹಾಕಿ ಹೋದಳು.

ಸೂರಮ್ಮ ಮಾರುತೇಶನಿಗೆ ಫೋನು ಹಚ್ಚಿಸಿದಳು.

"ಲೇ, ನಿನ್ನ ಕುದುರೆಗೆ ಆರತಿ ಬೆಳಗಿದ್ರೇನೆ ಊಟವೇನೋ?"

ಆ ಕಡೆಯಿಂದ ನಗು. "ಅದಾ? ಪ್ರತಿ ಮದುವೆ ಮನೆ ಬಾಗಿಲಲ್ಲೂ ಆರತಿ ಮಾಡ್ತಾರಲ್ಲ ದೊಡ್ಡವ್ವ. ಆರತಿ ಆದ ಕೂಡಲೆ ನಾನು ಬೆಲ್ಲ, ನೆನೆಸಿದ ಕಡಲೆ ಕೊಡ್ತಿದ್ದೆ. ಮರಿ ಇದ್ದಾಗಿಂದ ಹಂಗೇ. ಒಣಮೇವು ಸುಮ್ನೆ ತಿಂದ್ರೂ, ನೆನೆಸಿದ್ದು ಕಲಸಿದ್ದು ಅಂದ್ರೆ ಆರತಿ ಆದಮೇಲೇ ಅನ್ನೋದು ಅದಕ್ಕೆ ಶಾಸ್ತ್ರ ಆಗಿರಬೇಕು. ಓಹೋ, ಸೀಜನ್ ಇಲ್ಲದಾಗ ಸೊರಗೋದು ಅದಕ್ಕೇನಾ?"

"ಇದನ್ನ ಮೊದಲೇ ಹೇಳಾಕೆ ನಿನ್ನ ಬಾಯಿಗೆ ಏನಾಗಿತ್ತು? ಅದರ ಹಲ್ಲಷ್ಟೇ ಅಲ್ಲ, ನಿನ್ನ ತಲೆನೂ ಅರದಲ್ಲಿ ಉಜ್ಜಿಸಬೇಕಿತ್ತು ನಾನು."

ಕಾರಣ ಗೊತ್ತಾಯಿತು ನಿಜ, ಕೆಲಸ ಕಡಿಮೆಯಾಗಲಿಲ್ಲ. ರೇಣುಕಮ್ಮ ಮೂರು ಹೊತ್ತೂ ತಟ್ಟೆ ಹಿಡಿದು ಬರುವುದು ಅರ್ಚಕರ ಪೂಜೆಯ ಹಾಗೆ ನಡೆಯಿತು. "ಕಟ್ಕೊಂಡ ಗಂಡನಿಗೂ ನಾನು ಇಷ್ಟು ಆರತಿ ಬೆಳಗಿಲ್ಲ" ಎಂದು ಅವಳು ಗೊಣಗಿದರೆ, ಮೂಡಲಗಿರಿಯಪ್ಪ ಗೋಡೆಯಾಚೆಯಿಂದ, "ಬೆಳಗಿದ್ರೆ ನಾನೂ ಮೈ ತುಂಬ್ಕಂತಿದ್ದೆ" ಎನ್ನುತ್ತಿದ್ದ. ಶಿವರಂಜನಿಯ ಪಕ್ಕೆಲುಬುಗಳ ನಡುವಿನ ಹಳ್ಳ ಮೆಲ್ಲಗೆ ತುಂಬುತ್ತಿತ್ತು.

ಅಷ್ಟರಲ್ಲಿ ರೇಣುಕಮ್ಮ ಸೀರೆ ತೆಗೆಯಲು ಮೊಳಕಾಲ್ಮೂರಿಗೆ ಹೊರಟಳು. ಮಗನ ಮದುವೆ, ರೇಷ್ಮೆ ಸೀರೆ, ಬೀಗರ ಮನೆಯಲ್ಲೇ ಉಳಿದು ಬರುವ ಮಾತು.

"ನಾಕು ದಿನ ಅಕ್ಕ. ದೊಡ್ಡಕ್ಕನ್ನ ಕೇಳು."

ಕೇಳಲು ಹೋದ ಸೂರಮ್ಮನಿಗೆ ದೊಡ್ಡಕ್ಕ ಬಾಗಿಲಲ್ಲೇ ಉತ್ತರ ಕೊಟ್ಟಳು: "ಕಣ್ಣು ಕೆಟ್ಟದ್ದು, ಕೈ ಮಾತ್ರ ಒಳ್ಳೇದಾ? ಹೋಗಮ್ಮ. ನಾನು ಬೆಳಗಿ ಕುದುರೆಗೆ ಕೆಮ್ಮು ಬಂದ್ರೂ ಕಂಬಳಿ ನನ್ನ ಕಿಟಕಿಗೇ ಬರ್ತೈತೆ."

ಆ ದಿನ ಶಿವರಂಜನಿ ಬೆಳಗಿನ ಊಟ ಮುಟ್ಟಲಿಲ್ಲ. ಮಧ್ಯಾಹ್ನದ್ದೂ ಮುಟ್ಟಲಿಲ್ಲ. ಮಾರನೆಯ ದಿನವೂ ಅದೇ. ತುಂಬಿಕೊಂಡಿದ್ದ ಹೊಟ್ಟೆಯ ಪಕ್ಕ ಒಳಕ್ಕೆ ಹೋಗತೊಡಗಿತು. ಸೂರಮ್ಮ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದಕ್ಕೆ ತಿಳಿಹೇಳಿದಳು. "ನಿಂಗೆ ದಲ್ಲಾಳಿ ಯಾರು ಅಂತ ಗೊತ್ತಿಲ್ಲ. ನಂಗೊತ್ತು. ತಿನ್ನು. ಇವತ್ತೊಂದು ದಿನ ಶಾಸ್ತ್ರ ಬಿಡು." ಕುದುರೆ ಬಾಗಿಲು ನೋಡಿತು. ಆಮೇಲೆ ಅವಳ ಖಾಲಿ ಕೈ ನೋಡಿತು.

"ಇಬ್ಬರೂ ಶಾಸ್ತ್ರ ಹಿಡ್ಕಂಡು ಕೂತ್ರೆ ಸಾಯೋದು ನೀನೇ ಕಣೆ," ಎಂದಳು ಸೂರಮ್ಮ.

ಒಳಗೆ ಹೋಗಿ ಟ್ರಂಕು ತೆಗೆದಳು. ತಳದಲ್ಲಿ ಹಳೇ ಸೀರೆಯಲ್ಲಿ ಸುತ್ತಿಟ್ಟ ಹಿತ್ತಾಳೆಯ ತಟ್ಟೆ. ಅದು ಅವಳ ಮದುವೆಯದೇ. ಹುಣಸೆಹಣ್ಣು ಹಾಕಿ ತಿಕ್ಕಿದಳು. ಕೊಟ್ಟಿಗೆಯ ಬಾಗಿಲು ಮುಚ್ಚಿ, ಅಗಳಿ ಹಾಕಿ, ದೊಡ್ಡಕ್ಕನ ಕಿಟಕಿಯ ಕಡೆಗೆ ಮತ್ತೆ ಕಂಬಳಿ ಕಟ್ಟಿದಳು. ಈ ಸಲ ಕಂಬಳಿ ಕಟ್ಟಿದ್ದು ಕುದುರೆಗಲ್ಲ. ದೀಪ ಹಚ್ಚಿದಳು. ಸೋಬಾನೆಯ ಸಾಲು ಅರ್ಧ ಮರೆತಿತ್ತು, ಉಳಿದರ್ಧವನ್ನು ಉಸಿರಲ್ಲೇ ಹೇಳಿ ತಟ್ಟೆ ಸುತ್ತಿಸಿದಳು. ಶಿವರಂಜನಿ ತಲೆ ಬಾಗಿಸಿತು. ಅದಕ್ಕೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ಬಾನಿ ಬೋರಲಾಯಿತು.

"ಯಾರಿಗೂ ಹೇಳಬ್ಯಾಡ," ಎಂದಳು ಸೂರಮ್ಮ.

ರೇಣುಕಮ್ಮ ಹಿಂದಿರುಗಿ ತಟ್ಟೆ ಹಿಡಿದು ಬಂದಾಗ, "ಇನ್ನು ನೀನು ಬರಾದು ಬ್ಯಾಡ, ಮದುವೆ ಕೆಲಸ ನೋಡ್ಕ. ಅದು ಈಗ ತಾನಾಗೇ ತಿಂತೈತೆ" ಎಂದು ಸುಳ್ಳು ಹೇಳಿ ಕಳಿಸಿದಳು. ಆಮೇಲೆ ಪ್ರತಿ ಹೊತ್ತೂ ಅಗಳಿ, ಕಂಬಳಿ, ತಟ್ಟೆ. ಹಿಸುಕಿದ ಹುರುಳಿ, ನೆನೆದ ಬೂಸಾ, ಕರಗಿದ ಹಿಂಡಿ. ಕುದುರೆಯ ಬೆನ್ನು ಮೊದಲು ಮುಚ್ಚಿತು, ಆಮೇಲೆ ಪಕ್ಕೆ ಮುಚ್ಚಿತು, ಆಮೇಲೆ ಹಿಂಭಾಗ ಎರಡು ಕುಂಬಳಕಾಯಿ ಇಟ್ಟ ಹಾಗೆ ದುಂಡಗಾಯಿತು. ಸೂರಮ್ಮ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳು ಟಗರಿನ ಸೂರಮ್ಮ. ಮೇಯಿಸುವುದನ್ನು ನಿಲ್ಲಿಸಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮದುವೆಯ ದಿನ ಮೊಳಕಾಲ್ಮೂರಿನಲ್ಲಿ ಕುದುರೆಗೆ ಜೀನು ಬಿಗಿಯಲು ಹೋದ ಮಾರುತೇಶ ತಲೆಯ ಮೇಲೆ ಕೈಯಿಟ್ಟ. ಹೊಟ್ಟೆಯ ಪಟ್ಟಿ ಸುತ್ತಿ ಬರಲೊಲ್ಲದು. ಇಬ್ಬರು ಎಳೆದು, ಒಬ್ಬ ಮೊಣಕಾಲು ಒತ್ತಿ, ಪಟ್ಟಿಯ ಕಟ್ಟಕಡೆಯ ತೂತಿಗೆ ಹೇಗೋ ಸಿಕ್ಕಿಸಿದರು.

"ಮೈ ತುಂಬಿಸು ಅಂದ್ರೆ ಹಿಂಗಾ ದೊಡ್ಡವ್ವ? ಒಂದು ತುತ್ತು ಜಾಸ್ತಿ ಹೋದ್ರೆ ಪಟ್ಟಿ ಹರಿದು ಮದುಮಗ ಮೋರೀಲಿ ಇರ್ತಾನೆ. ಇವತ್ತು ಇದಕ್ಕೆ ಬೆಲ್ಲ ಇಲ್ಲ, ಕಡಲೆ ಇಲ್ಲ, ಏನೂ ಇಲ್ಲ."

ಸೂರಮ್ಮ ಹೆಮ್ಮೆಯಿಂದ ನಕ್ಕಳು. "ಇದೇ ಕುದುರೆ ಏನು ಅಂತ ಕೇಳಲ್ವಾ ಈಗ?" ಎಂದು ಹೇಳಿ, ಎಂದಿನಂತೆ ಕಲ್ಯಾಣ ಮಂಟಪದ ಹಿಂದಿನ ಅಂಗಳಕ್ಕೆ ಹೋಗಿ, ಒಲೆಗಳ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೀನ್ಸ್ ಮುರಿಯತೊಡಗಿದಳು. ಒಳ್ಳೆ ಗಾಳಿ ಬರುತ್ತಿತ್ತು.

ಮೆರವಣಿಗೆ ಸರಿಯಾಗಿಯೇ ಬಂತು. ಬಾಸಿಂಗ ಕಟ್ಟಿಕೊಂಡ ಲೋಹಿತ ಜೀನಿನ ಮುಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಮಂಟಪದ ಬಾಗಿಲಲ್ಲಿ ಹೆಣ್ಣಿನ ಕಡೆಯ ಹೆಂಗಸರು ಸಾಲಾಗಿ ನಿಂತು ಆರತಿ ಎತ್ತಿದರು. ಶಿವರಂಜನಿ ತಲೆ ಬಾಗಿಸಿತು. ಆರತಿ ಮುಗಿಯಿತು. ಬಾಯಿಗೆ ಏನೂ ಬರಲಿಲ್ಲ. ಇನ್ನೊಬ್ಬಳು ಬೆಳಗಿದಳು. ಏನೂ ಬರಲಿಲ್ಲ. ಮಾರುತೇಶ ಖಾಲಿ ಜೇಬು ತೋರಿಸಿದ. ಇಂಥ ಅನ್ಯಾಯವನ್ನು ಶಿವರಂಜನಿ ತನ್ನ ವೃತ್ತಿಯಲ್ಲಿ ಕಂಡಿರಲಿಲ್ಲ. ಅದು ಮೂಗು ಮೇಲೆತ್ತಿ ಗಾಳಿ ಮೂಸಿತು. ಆಮೇಲೆ, ಮದುಮಗನ ಸಮೇತ, ಹೆಂಗಸರ ಸಾಲನ್ನು ದಾಟಿ ಪಕ್ಕದ ಓಣಿಗೆ ತಿರುಗಿತು.

"ಏಮ್ಮಾ, ಗುರ್ರಂ ಎಕ್ಕಡಿಕಿ ಪೋತಾಂದಿ?" ಎಂದು ಹೆಣ್ಣಿನ ಅಜ್ಜಿ ತೆಲುಗಿನಲ್ಲಿ ಕೂಗಿದರು. ಕುದುರೆ ಎಲ್ಲಿಗೆ ಹೋಗುತ್ತಿದೆ ಎನ್ನುವುದು ಅದರ ಮೇಲೆ ಕೂತವನಿಗೂ ತಿಳಿದಿರಲಿಲ್ಲ.

"ಮಾರುತಣ್ಣ, ಹಿಡಿಯಣ್ಣ!" ಎಂದ ಲೋಹಿತ. ಮಾರುತೇಶ ಲಗಾಮಿಗೆ ಜೋತುಬಿದ್ದ. ಲಗಾಮಿನ ಜೊತೆ ಅವನೂ ಹೋದ. ಬ್ಯಾಂಡಿನವರು ತಿಳಿಯದೆ ಬಾರಿಸುತ್ತ ಹಿಂದೆಯೇ ಬಂದರು, ಬ್ಯಾಂಡಿನ ಹಿಂದೆ ಮದುವೆಯೇ ಬಂತು. ಶಿವರಂಜನಿ ಪಾತ್ರೆ ತೊಳೆಯುವವರನ್ನು ದಾಟಿ, ಸಾರಿನ ಹಂಡೆಗಳ ನಡುವೆ ನಾಜೂಕಾಗಿ ಹೆಜ್ಜೆಯಿಟ್ಟು, ಪ್ಲಾಸ್ಟಿಕ್ ಕುರ್ಚಿಯ ಮುಂದೆ ನಿಂತಿತು. ಸೂರಮ್ಮನ ಮಡಿಲ ಮೇಲಿದ್ದ ಬೀನ್ಸ್ ನೆಲಕ್ಕೆ ಬಿತ್ತು. ಕುದುರೆ ಅವಳ ಮುಂದೆ ಹಣೆ ಬಾಗಿಸಿತು.

ಬ್ಯಾಂಡು ನಿಂತಿತು. ಎಳೆದರೂ ತಳ್ಳಿದರೂ ಕುದುರೆ ಕದಲಲಿಲ್ಲ.

ರೇಣುಕಮ್ಮ ಹೊಸ ಸೀರೆಯಲ್ಲಿ ಏದುಸಿರು ಬಿಡುತ್ತ ಬಂದಳು. ಕುದುರೆಯನ್ನು ನೋ‌ಡಿದಳು, ಸೂರಮ್ಮನನ್ನು ನೋಡಿದಳು. "ಅಕ್ಕ, ತಾನಾಗೇ ತಿಂತೈತೆ ಅಂದ್ಯಲ್ಲ. ದಿನಾ ನೀನೇ ಬೆಳಗ್ತಿದ್ದೆಯೇನು?"

ಸೂರಮ್ಮ ನೆಲ ನೋಡಿದಳು. "ತಪ್ಪಾತು ಕಣೆ. ಉಪವಾಸ ಬಿದ್ದಿತ್ತು. ನಾನು ಹೋಗ್ತೀನಿ, ಬಸ್ಸು ಸಿಗ್ತೈತೆ."

"ಸೂರವ್ವ, ಬಸ್ಸು ಆಮ್ಯಾಲೆ ಹಿಡಿ," ಎಂದ ಲೋಹಿತ ಮೇಲಿಂದ. "ಮೊದಲು ಬೆಳಗು. ಮುಹೂರ್ತ ಹೋಗ್ತೈತೆ, ಪಟ್ಟಿ ಬೇರೆ ಕಿರ್ ಅಂತೈತೆ."

ಆಗ ಗುಂಪನ್ನು ಮೊಣಕೈಯಲ್ಲಿ ಸರಿಸಿಕೊಂಡು ದೊಡ್ಡಕ್ಕ ಬಂದಳು. ಹೆಣ್ಣಿನ ಕಡೆಯವರ ಕೈಯಿಂದ ಆರತಿ ತಟ್ಟೆಯನ್ನು ಕಿತ್ತುಕೊಂಡೇ ಬಂದಿದ್ದಳು.

"ಹಿಡಿ," ಎಂದಳು.

"ಬ್ಯಾಡ ದೊಡ್ಡಕ್ಕ. ಶುಭ ಕಾರ್ಯ."

"ಶುಭ ಕಾರ್ಯ ಮಾಡೋ ಹುಡುಗ ಸಾರಿನ ಹಂಡೆ ನಡುವೆ ನಿಂತವನೆ. ಹಿಡಿಯೇ. ನನ್ನ ಕಣ್ಣೆದುರಿಗೇ ಬೆಳಗು. ಈ ಸಲ ಕಂಬಳಿ ಇಲ್ಲ."

ರೇಣುಕಮ್ಮ ಸುಮ್ಮನೆ ಬಂದು ಆರುತ್ತಿದ್ದ ದೀಪಕ್ಕೆ ಸೆರಗು ಮರೆ ಹಿಡಿದಳು. ಸೂರಮ್ಮ ತಟ್ಟೆ ತೆಗೆದುಕೊಂಡಳು. ಒಲೆಗಳ ನಡುವೆ, ಎರಡು ಊರಿನ ಜನರ ಮುಂದೆ, ಕುದುರೆಗೂ ಅದರ ಮೇಲಿದ್ದ ಮದುಮಗನಿಗೂ ಸೇರಿಸಿ ಬೆಳಗಿದಳು. ಮರೆತಿದ್ದ ಸೋಬಾನೆಯ ಇನ್ನರ್ಧವನ್ನು ಹೆಣ್ಣಿನ ಅಜ್ಜಿ ತೆಲುಗಿನ ಧಾಟಿಯಲ್ಲಿ ಎತ್ತಿಕೊಟ್ಟರು. ಸೂರಮ್ಮ ಶಿವರಂಜನಿಯ ಹಣೆಗೆ ಕುಂಕುಮವಿಟ್ಟಳು.

ಮಾರುತೇಶ ಲಗಾಮು ಕೈಬಿಟ್ಟು ಹಣೆಯ ಬೆವರು ಒರೆಸಿಕೊಂಡ. "ದೊಡ್ಡವ್ವ, ಇದನ್ನ ಇನ್ನು ನಾನು ಮದುವೆಗೆ ಕರ್ಕೊಂಡು ಹೋಗಾಕಾಗಲ್ಲ. ಎಲ್ಲಿಗೆ ಹೋದ್ರೂ ಅಡುಗೆ ಮನೆಗೇ ಬರ್ತೈತೆ. ದಲ್ಲಾಳಿಗೆ ಇಲ್ಲ ಅಂತ ಹೇಳ್ತೀನಿ. ನೀನೇ ಇಟ್ಕ."

ಸೂರಮ್ಮನ ಕಣ್ಣು ತುಂಬಿಬಂತು. ಇಷ್ಟು ಮುತ್ತೈದೆಯರು ಸಾಲಾಗಿ ನಿಂತಿದ್ದರೂ ಈ ಮೂಕಪ್ರಾಣಿ ತನ್ನನ್ನೇ ಹುಡುಕಿ ಬಂದು ತಲೆ ಬಾಗಿಸಿತಲ್ಲ, ತನ್ನ ಕೈಯ ಆರತಿಯೇ ಬೇಕೆಂದಿತಲ್ಲ ಎಂದುಕೊಂಡಳು. ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗಿನಿಂದ ಮೂಗು ಒರೆಸಿಕೊಂಡರು.

ಶಿವರಂಜನಿ ತಲೆ ಎತ್ತಿತು. ತಟ್ಟೆಯನ್ನು ನೋಡಿತು. ತಟ್ಟೆ ಹಿಡಿದ ಕೈಯ ಹಿಂದೆ ನೋಡಿತು, ಕುರ್ಚಿಯ ಕೆಳಗೆ ನೋಡಿತು. ಸೂರಮ್ಮನ ಮಡಿಲು ಮೂಸಿತು, ಸೊಂಟದ ಗಂಟು ಮೂಸಿತು, ಒದ್ದೆ ಮೂತಿಯಿಂದ ಅವಳ ಭುಜಕ್ಕೆ ಒಂದು ತಿವಿತ ತಿವಿಯಿತು. ಎಲ್ಲೂ ಏನೂ ಸಿಗದೆ, ಎರಡು ಊರಿನ ಜನರ ಎದುರಿಗೆ, ಟಗರಿನ ಸೂರಮ್ಮನ ಮುಖವನ್ನು ನೆಟ್ಟ ನೋಟದಿಂದ ನೋಡುತ್ತ ನಿಂತು ಕೇಳಿತು: ಆರತಿಯೇನೋ ಆಯಿತು, ಬೂಸಾ ಎಲ್ಲಿ?